11 ವರ್ಷದ ಸ್ವಿಚ್, ಅಪ್‌ಡೇಟ್ ನಿಂತ ಫೈರ್‌ವಾಲ್: ಇದ್ದದ್ದನ್ನೇ ಸುಧಾರಿಸೋದಾ, ಎಲ್ಲ ತೆಗೆದು ಹೊಸದು ಹಾಕೋದಾ?

ಮಹಡಿ_ಎರಡು
60 ಜನರ ಆಫೀಸ್, ಎರಡು ಮಹಡಿ. ರ್ಯಾಕ್‌ನಲ್ಲಿ ಏನಿದೆಯೋ ಹಾಗೇ ಬರೀತೀನಿ.

ಮೊದಲ ಮಹಡಿಯಲ್ಲಿ 48 ಪೋರ್ಟಿನ ಮ್ಯಾನೇಜ್ಡ್ ಗಿಗಾಬಿಟ್ (1000 ಎಂಬಿಪಿಎಸ್) ಸ್ವಿಚ್, ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕೊಡೋದು) ಇಲ್ಲ, 11 ವರ್ಷದ್ದು. ಫೈಲ್ ಸರ್ವರ್ ಇದಕ್ಕೇ ಸೇರಿದೆ. ಎರಡನೇ ಮಹಡಿಯಲ್ಲಿ 24 ಪೋರ್ಟಿನ 100 ಎಂಬಿಪಿಎಸ್ ಪಿಒಇ ಸ್ವಿಚ್, 802.3ಎಎಫ್ (ಪಿಒಇಯ ಮೊದಲ ಮಾನದಂಡ), ಅದಕ್ಕೂ ಅಷ್ಟೇ ವಯಸ್ಸು. ಅದರ ಮೇಲೆ 22 ಐಪಿ ಫೋನ್. ಎರಡೂ ಸ್ವಿಚ್ ನಡುವೆ 60 ಮೀಟರ್ ಫೈಬರ್, ಕಿತ್ತಳೆ ಬಣ್ಣದ್ದು, ಗಿಗಾಬಿಟ್‌ನಲ್ಲಿ ಓಡ್ತಿದೆ. 6 ವೈಫೈ 5 ಆ್ಯಕ್ಸೆಸ್ ಪಾಯಿಂಟ್, ಇಂಜೆಕ್ಟರ್ (ಕೇಬಲ್‌ಗೆ ಕರೆಂಟ್ ಸೇರಿಸೋ ಚಿಕ್ಕ ಪೆಟ್ಟಿಗೆ) ಹಾಕಿ ನಡೆಸ್ತಿದ್ದೀವಿ. ಫೈರ್‌ವಾಲ್ 8 ವರ್ಷದ್ದು, ತಯಾರಕರು ಅಪ್‌ಡೇಟ್ ಕೊಡೋದು ನಿಲ್ಲಿಸಿದ್ದಾರೆ. ಗೋಡೆಯೊಳಗೆ ಪೂರ್ತಿ ಕ್ಯಾಟ್ 5ಇ ದರ್ಜೆಯ ಕೇಬಲ್.

ದೂರು ಎರಡು. ಎರಡನೇ ಮಹಡಿಯಲ್ಲಿ ಫೈಲ್ ಕಾಪಿ ತುಂಬಾ ನಿಧಾನ. ಬೆಳಗ್ಗೆ 11ರ ಹೊತ್ತಿಗೆ ವಿಡಿಯೊ ಕಾಲ್ ಕಡಿದು ಕಡಿದು ಬರುತ್ತೆ. ಮುಂದಿನ ತಿಂಗಳು ಇಂಟರ್ನೆಟ್ 200 ಎಂಬಿಪಿಎಸ್‌ನಿಂದ 1 ಜಿಬಿಪಿಎಸ್‌ಗೆ ಹೋಗುತ್ತೆ, 4 ಕ್ಯಾಮೆರಾನೂ ಬರ್ತವೆ. ಯಾವುದನ್ನು ಉಳಿಸಬಹುದು, ಯಾವುದನ್ನು ತೆಗೀಲೇಬೇಕು?

ಪೋರ್ಟ್48
11 ವರ್ಷ ಅಂದ್ರೆ ಮುಗೀತು. ಎಲ್ಲ ಒಂದೇ ಸಲ ತೆಗೆದು ಒಂದೇ ಬ್ರ್ಯಾಂಡಿನದು ಹಾಕಿ. ತೇಪೆ ಹಾಕ್ತಾ ಕೂತರೆ ಮೂರು ವರ್ಷ ಇದೇ ಕೆಲಸ ಆಗುತ್ತೆ.

ಹಳೇ_ಕನ್ಸೋಲ್
ವಯಸ್ಸು ನೋಡಿ ಸ್ವಿಚ್ ತೆಗೆಯೋದು ಸರಿಯಲ್ಲ. ಲೇಯರ್ 2 ಸ್ವಿಚ್ ಮಾಡೋದು ಒಂದೇ ಕೆಲಸ: ಫ್ರೇಮ್ (ಡೇಟಾದ ತುಣುಕು) ತಗೊಂಡು ಸರಿಯಾದ ಪೋರ್ಟಿಗೆ ಕೊಡೋದು. ಅದು ಚಿಪ್‌ನಲ್ಲೇ ನಡೆಯುತ್ತೆ. 11 ವರ್ಷದ ಹಿಂದೆ ಗಿಗಾಬಿಟ್ ಕೊಡ್ತಿದ್ದದ್ದು ಇವತ್ತೂ ಗಿಗಾಬಿಟ್ಟೇ ಕೊಡುತ್ತೆ. ಹಳತಾಗೋದು ಪವರ್ ಸಪ್ಲೈ, ಫ್ಯಾನ್ ಮತ್ತು ಸಾಫ್ಟ್‌ವೇರ್. ಈ ಮೂರನ್ನು ಬೇರೆ ಬೇರೆಯಾಗಿ ನೋಡಿ ತೀರ್ಮಾನ ಮಾಡಿ.

ಗೇಟ್‌ವೇ_ಕಾವಲು
ಉಳಿದದ್ದರ ಬಗ್ಗೆ ಎಷ್ಟು ಬೇಕಾದ್ರೂ ವಾದ ಮಾಡೋಣ. ಫೈರ್‌ವಾಲ್ ಬಗ್ಗೆ ವಾದವೇ ಇಲ್ಲ, ಅದು ಹೋಗಬೇಕು. ಇಂಟರ್ನೆಟ್‌ಗೆ ನೇರವಾಗಿ ಮುಖ ಮಾಡಿ ನಿಂತ ಪೆಟ್ಟಿಗೆ ಅದು. ನಾಳೆ ಅದರ ವಿಪಿಎನ್ ಲಾಗಿನ್ ಪುಟದಲ್ಲಿ ತೂತು ಸಿಕ್ಕರೆ ಮುಚ್ಚೋಕೆ ಪ್ಯಾಚೇ ಬರಲ್ಲ. ಒಳಗಿನ ಸ್ವಿಚ್‌ಗೂ ಅಪ್‌ಡೇಟ್ ನಿಂತಿರಬಹುದು, ಆದರೆ ಅದರ ಮ್ಯಾನೇಜ್‌ಮೆಂಟ್ ಐಪಿಯನ್ನು ಬೇರೆ ವಿಲ್ಯಾನ್‌ಗೆ (ಅದೇ ಸ್ವಿಚ್‌ಗಳ ಮೇಲೆ ಬೇರ್ಪಡಿಸಿದ ಜಾಲ) ಹಾಕಿ, ಒಬ್ಬಿಬ್ಬರ ಕಂಪ್ಯೂಟರಿಗೆ ಮಾತ್ರ ಬಿಟ್ಟು, ಟೆಲ್ನೆಟ್ (ಗೂಢಲಿಪಿ ಇಲ್ಲದ ಹಳೇ ಲಾಗಿನ್ ವಿಧಾನ) ಮುಚ್ಚಿದ್ರೆ ಅಪಾಯ ಬಹಳ ಮಟ್ಟಿಗೆ ತಗ್ಗುತ್ತೆ. ಫೈರ್‌ವಾಲ್‌ಗೆ ಹಾಗೆ ಅಡಗಿಕೊಳ್ಳೋ ಜಾಗವೇ ಇಲ್ಲ.

ಹೊಸದನ್ನು ಆರಿಸುವಾಗ ಡೇಟಾಶೀಟಿನ ಮೊದಲ ಸಾಲಿನ ದೊಡ್ಡ ಸಂಖ್ಯೆ ನೋಡಬೇಡಿ. ಅದು ದೊಡ್ಡ ಪ್ಯಾಕೆಟ್ ಕಳಿಸಿ, ತಪಾಸಣೆ ಎಲ್ಲ ಆಫ್ ಮಾಡಿ ಅಳೆದದ್ದು. ಕೆಳಗೆ ಐಪಿಎಸ್ (ದಾಳಿ ತಡೆಯೋ ತಪಾಸಣೆ), ಮಾಲ್‌ವೇರ್ ತಪಾಸಣೆ ಎಲ್ಲ ಆನ್ ಇದ್ದಾಗ ಎಷ್ಟು ಅಂತ ಇನ್ನೊಂದು ಸಾಲು ಇರುತ್ತೆ, ಅದು 1 ಜಿಬಿಪಿಎಸ್ ದಾಟಬೇಕು. ಟಿಎಲ್‌ಎಸ್ (ಗೂಢಲಿಪಿಯ ಟ್ರಾಫಿಕ್) ಬಿಚ್ಚಿ ನೋಡೋ ಉದ್ದೇಶ ಇದ್ರೆ ಆ ಸಂಖ್ಯೆ ಇನ್ನೂ ಕೆಳಗಿಳಿಯುತ್ತೆ, ಅದನ್ನು ಪ್ರತ್ಯೇಕವಾಗಿ ಕೇಳಿ ತಿಳ್ಕೊಳ್ಳಿ.

ಕ್ರಿಂಪರ್
ಯಾವುದನ್ನೂ ಆರ್ಡರ್ ಮಾಡೋಕೆ ಮುಂಚೆ ಅಳತೆ ಮಾಡಿ. ಅರ್ಧ ದಿನದ ಕೆಲಸ ಅಷ್ಟೇ.

ಒಂದು, ಪ್ರತಿ ಪೋರ್ಟಿನ ಲಿಂಕ್ ವೇಗ ಬರ್ಕೊಳ್ಳಿ. ಗಿಗಾಬಿಟ್ ಸ್ವಿಚ್‌ನಲ್ಲಿ 100ಕ್ಕೆ ನಿಂತಿರೋ ಪೋರ್ಟ್ ಯಾವ್ಯಾವುದು? ಎರಡು, ಎರರ್ ಕೌಂಟರ್‌ಗಳನ್ನು ಸೊನ್ನೆ ಮಾಡಿ, ಒಂದು ಪೂರ್ತಿ ಕೆಲಸದ ದಿನ ಬಿಟ್ಟು ಓದಿ: ಸಿಆರ್‌ಸಿ (ದಾರಿಯಲ್ಲಿ ಕೆಟ್ಟ ಫ್ರೇಮ್), ಲೇಟ್ ಕೊಲಿಷನ್ (ತಡವಾಗಿ ಆದ ಡಿಕ್ಕಿ), ಔಟ್‌ಪುಟ್ ಡ್ರಾಪ್ (ಲಿಂಕ್ ತುಂಬಿ ಬಿದ್ದು ಹೋದದ್ದು). ಹಳೆಯ ಸಂಖ್ಯೆ ನಂಬಬೇಡಿ, ಎರಡು ವರ್ಷದ ಹಿಂದೆ ಯಾರೋ ಕೇಬಲ್ ಎಳೆದದ್ದೂ ಅದರಲ್ಲಿ ಸೇರಿರುತ್ತೆ. ಮೂರು, ಎರಡು ಲ್ಯಾಪ್‌ಟಾಪ್ ನಡುವೆ ಐಪರ್ಫ್3 (ವೇಗ ಅಳೆಯೋ ಪ್ರೋಗ್ರಾಂ) ಓಡಿಸಿ, 30 ಸೆಕೆಂಡು, ಎರಡೂ ದಿಕ್ಕಿನಲ್ಲಿ. ಆರೋಗ್ಯವಾಗಿರೋ ಗಿಗಾಬಿಟ್ ಲಿಂಕ್ 940 ಎಂಬಿಪಿಎಸ್ ಹತ್ತಿರ ತೋರಿಸುತ್ತೆ, 100ರ ಲಿಂಕ್ 94ರ ಹತ್ತಿರ. ನಾಲ್ಕು, 11 ಗಂಟೆಗೆ ಫೈರ್‌ವಾಲ್ ಸಿಪಿಯು ಎಷ್ಟಿದೆ ನೋಡಿ.

ಇಷ್ಟು ಮಾಡದೆ ಸ್ವಿಚ್ ಬದಲಾಯಿಸಿದ್ರೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗುತ್ತೆ.

ಗ್ರಾಫ್_ನೋಡಿ
ಎಸ್‌ಎನ್‌ಎಂಪಿ (ಸ್ವಿಚ್‌ನ ಅಂಕಿಗಳನ್ನು ದೂರದಿಂದ ಓದೋ ವಿಧಾನ) ಗ್ರಾಫ್ ಇದ್ರೆ ಒಂದು ಎಚ್ಚರ. ಗಿಗಾಬಿಟ್ ಪೂರ್ತಿ ತುಂಬಿ ಓಡಿದ್ರೆ 32 ಬಿಟ್ ಬೈಟ್ ಕೌಂಟರ್ 34 ಸೆಕೆಂಡಿಗೇ ಒಂದು ಸುತ್ತು ಮುಗಿಸಿ ಸೊನ್ನೆಗೆ ಬರುತ್ತೆ. 5 ನಿಮಿಷಕ್ಕೊಮ್ಮೆ ಓದೋ ಗ್ರಾಫ್ ಆಗ ತೋರಿಸೋದೆಲ್ಲ ಸುಳ್ಳು. 64 ಬಿಟ್ ಕೌಂಟರ್ ಆರಿಸಿ. ಇನ್ನೊಂದು, 5 ನಿಮಿಷದ ಸರಾಸರಿ 30 ಪರ್ಸೆಂಟ್ ಇದೆ ಅಂದ ಮಾತ್ರಕ್ಕೆ ಲಿಂಕ್ ಖಾಲಿ ಇದೆ ಅಂತ ಅಲ್ಲ. ಕ್ಷಣಮಾತ್ರ ತುಂಬಿ ಪ್ಯಾಕೆಟ್ ಬಿದ್ದು ಹೋಗಿರಬಹುದು, ಅದು ಔಟ್‌ಪುಟ್ ಡ್ರಾಪ್‌ನಲ್ಲಿ ಮಾತ್ರ ಕಾಣುತ್ತೆ.

ಮಹಡಿ_ಎರಡು
ಅಳೆದೆ.

ಮೊದಲ ಮಹಡಿ: ಬಹುತೇಕ ಎಲ್ಲ ಪೋರ್ಟ್ ಗಿಗಾಬಿಟ್, ಐಪರ್ಫ್ 938. ಪೋರ್ಟ್ 17, 22, 31, 40 ಮಾತ್ರ 100ಕ್ಕೆ ನಿಂತಿವೆ. 17ರಲ್ಲಿ ದಿನಕ್ಕೆ ಸಾವಿರಾರು ಸಿಆರ್‌ಸಿ. ಪೋರ್ಟ್ 31ರಲ್ಲಿ ಲೇಟ್ ಕೊಲಿಷನ್ ಇದೆ, ಅದಕ್ಕೆ ಪ್ರಿಂಟರ್ ಸೇರಿದೆ.
ಎರಡನೇ ಮಹಡಿ: ಸರ್ವರ್‌ನಿಂದ ಕಾಪಿ ಸೆಕೆಂಡಿಗೆ 11 ಎಂಬಿ (ಮೆಗಾಬೈಟ್, ಅಂದ್ರೆ 88 ಎಂಬಿಪಿಎಸ್). ಎಲ್ಲ ಕಂಪ್ಯೂಟರಿನಲ್ಲೂ ಅದೇ.
ಫೈರ್‌ವಾಲ್ ಸಿಪಿಯು 11 ಗಂಟೆಗೆ 95ರ ಮೇಲೇ ಇರುತ್ತೆ.

ಪೋರ್ಟ್48
ನೋಡಿ, 11 ಎಂಬಿ ಅಂದ್ರೆ ಆ 100ರ ಸ್ವಿಚ್‌ದೇ ಕೆಲಸ. ಗಿಗಾಬಿಟ್ ಪಿಒಇ ಸ್ವಿಚ್ ಹಾಕಿ, ಕಥೆ ಮುಗೀತು.

ತಂತಿ_ಜೋಡಿ
ಮುಗಿಯಲ್ಲ. ಎರಡನೇ ಮಹಡಿಯಲ್ಲಿ 24 ಪೋರ್ಟು, 22 ಫೋನು. ಹಾಗಾದ್ರೆ ಕಂಪ್ಯೂಟರ್‌ಗಳು ಎಲ್ಲಿ ಸೇರಿವೆ? ಫೋನಿನ ಹಿಂದಿನ ಪೋರ್ಟಿಗೆ ಅಲ್ವಾ? ಆ ಕಾಲದ ಬಹಳಷ್ಟು ಐಪಿ ಫೋನ್‌ಗಳ ಒಳಗೆ ಇರೋದು 10/100ರ ಪುಟ್ಟ ಸ್ವಿಚ್. ಗೋಡೆಯ ಕಡೆ ಗಿಗಾಬಿಟ್ ತಂದು ಕೊಟ್ಟರೂ ಕಂಪ್ಯೂಟರಿಗೆ ಸಿಗೋದು 100 ಮಾತ್ರ. ಹೊಸ ಸ್ವಿಚ್ ಹಾಕಿದ ಮರುದಿನವೂ ಅದೇ 11 ಎಂಬಿ ಬರುತ್ತೆ. ಫೋನಿನ ಮಾಡೆಲ್ ನೋಡಿ, ಪಿಸಿ ಪೋರ್ಟ್ ಗಿಗಾಬಿಟ್ಟಾ ಅಂತ ಖಾತ್ರಿ ಮಾಡ್ಕೊಳ್ಳಿ.

ಮಹಡಿ_ಎರಡು
ಹೌದು, ಫೋನಿನ ಹಿಂದೆಯೇ ಸೇರಿವೆ. ಮಾಡೆಲ್ ನೋಡಿದೆ, ಪಿಸಿ ಪೋರ್ಟ್ 10/100. ಆದರೆ ಪ್ರತಿ ಮೇಜಿನ ಹತ್ತಿರ ಎರಡು ಔಟ್‌ಲೆಟ್ ಇವೆ. ಎರಡನೆಯದು ಪ್ಯಾಚ್ ಪ್ಯಾನೆಲ್‌ವರೆಗೆ (ರ್ಯಾಕ್‌ನಲ್ಲಿ ಗೋಡೆಯ ಕೇಬಲ್‌ಗಳು ಬಂದು ಸೇರೋ ಫಲಕ) ಬಂದಿದೆ, ಸ್ವಿಚ್‌ಗೆ ಸೇರಿಸಿಲ್ಲ.

ತಂತಿ_ಜೋಡಿ
ಹಾಗಾದ್ರೆ ಅರ್ಧ ಗೆದ್ದಂತೆ. ಕಂಪ್ಯೂಟರಿಗೆ ಎರಡನೇ ಔಟ್‌ಲೆಟ್, ಫೋನಿಗೆ ಮೊದಲನೆಯದು. ಫೋನ್ ಬದಲಾಯಿಸೋ ಅಗತ್ಯವೇ ಇಲ್ಲ, ಮಾತಿಗೆ 100 ಎಂಬಿಪಿಎಸ್ ಧಾರಾಳ ಸಾಕು.

ಕ್ರಿಂಪರ್
17, 22, 40ರ ವಿಷಯ. 100 ಎಂಬಿಪಿಎಸ್ ಎರಡೇ ಜೋಡಿ ತಂತಿ ಬಳಸುತ್ತೆ, ಪಿನ್ 1-2 ಮತ್ತು 3-6. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. 4-5 ಅಥವಾ 7-8ರಲ್ಲಿ ಒಂದು ತಂತಿ ತುಂಡಾಗಿದ್ರೂ ಲಿಂಕ್ ಸದ್ದಿಲ್ಲದೆ 100ಕ್ಕೆ ಇಳಿಯುತ್ತೆ. ಹಸಿರು ದೀಪ ಉರೀತಾನೇ ಇರುತ್ತೆ, ಹಾಗಾಗಿ ಯಾರೂ ಗಮನಿಸಲ್ಲ. ಮೊದಲು ಎರಡೂ ತುದಿಯ ಪ್ಯಾಚ್ ಕಾರ್ಡ್ (ಚಿಕ್ಕ ಜೋಡಣೆ ಕೇಬಲ್) ಬದಲಿಸಿ. ಆಮೇಲೂ 100 ಅಂದ್ರೆ ಸ್ವಿಚ್‌ನಲ್ಲಿ ಟಿಡಿಆರ್ ಕೇಬಲ್ ಪರೀಕ್ಷೆ ಇದೆಯಾ ನೋಡಿ, ಯಾವ ಜೋಡಿ ಎಷ್ಟು ಮೀಟರಿನಲ್ಲಿ ಕಡಿದಿದೆ ಅಂತ ಹೇಳುತ್ತೆ. 2 ಮೀಟರ್ ಒಳಗೆ ತೋರಿಸಿದ್ರೆ ಪ್ಯಾನೆಲ್ ಹಿಂಭಾಗ, ಕೊನೆಯಲ್ಲಿ ತೋರಿಸಿದ್ರೆ ಗೋಡೆಯ ಜ್ಯಾಕ್. ಗೋಡೆಯೊಳಗೆ ನಡುವೆ ಕಡಿದಿರೋದು ಅಪರೂಪ.

17ರಲ್ಲಿ ಸಿಆರ್‌ಸಿ ಕೂಡ ಬರ್ತಿದೆ ಅಂದ್ರೆ ಜ್ಯಾಕ್ ಬಿಚ್ಚಿ ನೋಡ್ಲೇಬೇಕು. ಪಂಚ್ ಮಾಡೋ (ತಂತಿಯನ್ನು ಜ್ಯಾಕ್‌ಗೆ ಒತ್ತಿ ಕೂರಿಸೋ) ಜಾಗದಲ್ಲಿ ಜೋಡಿಯ ತಿರುಚನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಬಾರದು. ಅವಸರದಲ್ಲಿ ಕೂರಿಸಿದ ಜ್ಯಾಕ್‌ಗಳಲ್ಲಿ ಒಂದೂವರೆ ಇಂಚು ಬಿಚ್ಚಿ ಬಿಟ್ಟಿರ್ತಾರೆ, ಪಕ್ಕದ ಜೋಡಿಯ ಸದ್ದೆಲ್ಲ ಅಲ್ಲಿ ನುಗ್ಗುತ್ತೆ. ಅಗ್ಗದ ದೀಪದ ಟೆಸ್ಟರ್ ಇದನ್ನು ಹಿಡಿಯಲ್ಲ. ಅದು 1ರಿಂದ 8ರವರೆಗೆ ತಂತಿ ಸೇರಿದೆಯಾ ಅಂತಷ್ಟೇ ನೋಡುತ್ತೆ. ಒಂದು ಜೋಡಿಯ ತಂತಿ ಇನ್ನೊಂದು ಜೋಡಿಯ ಜೊತೆ ಬೆರೆತು, ಎರಡೂ ತುದಿಯಲ್ಲಿ ಅದೇ ತಪ್ಪು ಇದ್ರೂ ಎಂಟೂ ದೀಪ ಸಾಲಾಗಿ ಹತ್ತುತ್ತೆ.

ಡ್ಯುಪ್ಲೆಕ್ಸ್
ಪೋರ್ಟ್ 31 ನನ್ನ ಇಷ್ಟದ ವಿಷಯ. ಪ್ರಿಂಟರ್ ಕಡೆ ಯಾರೋ 100 ಫುಲ್ (ಎರಡೂ ಕಡೆಗೆ ಒಟ್ಟಿಗೆ ಮಾತು) ಅಂತ ಕೈಯಾರೆ ಹಾಕಿದ್ದಾರೆ, ಸ್ವಿಚ್ ಕಡೆ ಆಟೊ ಇದೆ. ಎದುರಿನವರು ಆಟೊ ಮಾತಾಡದೆ ಇದ್ರೆ ಸ್ವಿಚ್ ವೇಗವನ್ನು ಮಾತ್ರ ಗುರುತಿಸುತ್ತೆ, ಡ್ಯುಪ್ಲೆಕ್ಸ್ ಗೊತ್ತಾಗದೆ ಹಾಫ್‌ಗೆ (ಒಮ್ಮೆಗೆ ಒಂದೇ ಕಡೆ ಮಾತು) ಇಳಿಯುತ್ತೆ. ಹಾಫ್ ಕಡೆ ಲೇಟ್ ಕೊಲಿಷನ್, ಫುಲ್ ಕಡೆ ಸಿಆರ್‌ಸಿ. ಎರಡೂ ಕಡೆ ಆಟೊ ಮಾಡಿ. ಗಿಗಾಬಿಟ್ ತಾಮ್ರದಲ್ಲಿ ಆಟೊ ನೆಗೋಸಿಯೇಷನ್ ಕಡ್ಡಾಯ, ಕೈಯಾರೆ ಕಟ್ಟಿಹಾಕೋ ಅಭ್ಯಾಸ ಬಿಟ್ಟುಬಿಡಿ.

ಪೋರ್ಟ್48
ಸರಿ, ಸ್ವಿಚ್ ದೋಷ ಅಲ್ಲ ಅಂತ ಒಪ್ತೀನಿ. ಆದ್ರೂ ಕ್ಯಾಟ್ 5ಇ ಇಟ್ಕೊಂಡು ಏನು ಮಾಡ್ತೀರಿ? ಅದರಲ್ಲಿ ಗಿಗಾಬಿಟ್ ಮೇಲೆ ಹೋಗೋಕೆ ಆಗಲ್ಲ. ಎಲ್ಲ ಎಳೆದು ಕ್ಯಾಟ್ 6ಎ ಹಾಕಿ.

ತಂತಿ_ಜೋಡಿ
ತಪ್ಪು. 2016ರ 802.3ಬಿಝಡ್ ಪ್ರಕಾರ 2.5 ಗಿಗಾಬಿಟ್ ಕ್ಯಾಟ್ 5ಇ ಮೇಲೆ 100 ಮೀಟರ್ ಓಡುತ್ತೆ. ಆ ಮಾನದಂಡ ಬಂದದ್ದೇ ಗೋಡೆಯೊಳಗಿನ ಹಳೇ ಕೇಬಲ್ ಕೀಳಬಾರದು ಅಂತ. 5 ಗಿಗಾಬಿಟ್‌ಗೆ ಕ್ಯಾಟ್ 6 ಇಟ್ಕೊಳ್ಳಿ. 10 ಗಿಗಾಬಿಟ್‌ಗೆ ಕ್ಯಾಟ್ 6ರಲ್ಲಿ 55 ಮೀಟರ್, ಕ್ಯಾಟ್ 6ಎನಲ್ಲಿ 100 ಮೀಟರ್. ಮೇಜಿನ ಕಂಪ್ಯೂಟರಿಗೆ 10 ಗಿಗಾಬಿಟ್ ಕೊಡೋ ಯೋಚನೆ ಇಲ್ಲದ ಆಫೀಸಿನಲ್ಲಿ ಚೆನ್ನಾಗಿರೋ 5ಇ ಕೀಳೋದು ಮೂಗಿಗಿಂತ ಮೂಗುತಿ ಭಾರ.

ಕ್ರಿಂಪರ್
ಇದಕ್ಕೆ ಒಂದೇ ಷರತ್ತು: ಅದು ನಿಜವಾದ ತಾಮ್ರ ಆಗಿರಬೇಕು. ತುಂಡು ತಂತಿಯ ತುದಿಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡ್ರೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅದರ ರೋಧ ಹೆಚ್ಚು, ಪಿಒಇ ಹರಿದಾಗ ಬಿಸಿಯಾಗುತ್ತೆ, ದೂರದ ತುದಿಗೆ ವೋಲ್ಟೇಜ್ ಸಾಲದೆ ಕ್ಯಾಮೆರಾ ರಾತ್ರಿ ಇನ್‌ಫ್ರಾರೆಡ್ ದೀಪ ಹಾಕಿದ ತಕ್ಷಣ ರೀಸ್ಟಾರ್ಟ್ ಆಗುತ್ತೆ. ಅಂಥ ಕೇಬಲ್ ಸಿಕ್ಕರೆ ನಾನೂ ಪೋರ್ಟ್48 ಪಕ್ಷ, ಎಳೆದು ಬಿಸಾಕಿ.

ವ್ಯಾಟ್_ಲೆಕ್ಕ
ಪಿಒಇ ಸ್ವಿಚ್ ಕೊಳ್ಳೋ ಮುಂಚೆ ಈ ಲೆಕ್ಕ ಹಾಕಿ. 802.3ಎಎಫ್ ಪೋರ್ಟಿಗೆ 15.4 ವ್ಯಾಟ್ ಕೊಡುತ್ತೆ, ಇನ್ನೊಂದು ತುದಿಗೆ ತಲುಪೋದು 12.95. 802.3ಎಟಿ ಆದ್ರೆ 30 ಮತ್ತು 25.5. 2018ರ 802.3ಬಿಟಿಯಲ್ಲಿ 60, 90 ವ್ಯಾಟಿನ ಎರಡು ಬಗೆ. ನಿಮ್ಮ ಫೋನ್ ಕ್ಲಾಸ್ (ಸಾಧನ ಕೇಳೋ ಪವರ್‌ನ ದರ್ಜೆ) 2 ಅಂದುಕೊಂಡ್ರೆ ತಲಾ 7 ವ್ಯಾಟ್, 22ಕ್ಕೆ 154. ಆ್ಯಕ್ಸೆಸ್ ಪಾಯಿಂಟ್ 6, ಮುಂದೆ ಹೊಸದು ಬರುತ್ತೆ ಅಂತ ಕ್ಲಾಸ್ 4 ಹಿಡಿದ್ರೆ 180. ಕ್ಯಾಮೆರಾ 4, ಕ್ಲಾಸ್ 3, 61.6. ಒಟ್ಟು 395.6. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗೋ 370 ವ್ಯಾಟಿನ ಸ್ವಿಚ್ ಸಾಲಲ್ಲ.

ನಿಜವಾದ ಬಳಕೆ ಇದಕ್ಕಿಂತ ಕಡಿಮೆ ಇರುತ್ತೆ, ಒಪ್ತೀನಿ. ಆದರೆ ಕೆಲವು ಸ್ವಿಚ್‌ಗಳು ನಿಜವಾದ ಬಳಕೆ ನೋಡದೆ ಕ್ಲಾಸ್ ನೋಡಿ ಕಾದಿರಿಸ್ತವೆ. ಕರೆಂಟ್ ಹೋಗಿ ಬಂದಾಗ ಎಲ್ಲ ಒಟ್ಟಿಗೆ ಎದ್ದು, ಕೊನೆಯ ಮೂರ್ನಾಲ್ಕು ಪೋರ್ಟಿಗೆ ಪವರ್ ಸಿಗದೆ ಉಳಿಯುತ್ತೆ. ಆಗ ಯಾವ ಪೋರ್ಟಿಗೆ ಮೊದಲ ಆದ್ಯತೆ ಅಂತ ಸೆಟ್ ಮಾಡಿಲ್ಲದಿದ್ರೆ ಸ್ವಾಗತದ ಮೇಜಿನ ಫೋನೇ ಸತ್ತಿರುತ್ತೆ.

ಮಹಡಿ_ಎರಡು
ತಿದ್ದುಪಡಿ: ಆ್ಯಕ್ಸೆಸ್ ಪಾಯಿಂಟ್ ಮೇಲೆ 3, ಕೆಳಗೆ 3. ಕೆಳಗಿನವು ಇಂಜೆಕ್ಟರ್‌ನಲ್ಲೇ ಇರಲಿ.

ವ್ಯಾಟ್_ಲೆಕ್ಕ
ಹಾಗಾದ್ರೆ 154 + 90 + 61.6 = 305.6. 370 ವ್ಯಾಟ್ ಸಾಕು, 64 ವ್ಯಾಟ್ ಉಳಿಯುತ್ತೆ.

ತಂತಿ_ಜೋಡಿ
ವ್ಯಾಟ್ ಸರಿ ಹೋಯ್ತು, ಪೋರ್ಟ್ ಎಣಿಸಿದ್ರಾ? ಫೋನ್ 22, ಬೇರೆ ಕೇಬಲ್‌ನಲ್ಲಿ ಕಂಪ್ಯೂಟರ್ 22, ಎಪಿ (ಆ್ಯಕ್ಸೆಸ್ ಪಾಯಿಂಟ್) 3, ಕ್ಯಾಮೆರಾ 4. ಒಟ್ಟು 51. 48ರ ಸ್ವಿಚ್‌ನಲ್ಲಿ ಹಿಡಿಸಲ್ಲ.

ಹಳೇ_ಕನ್ಸೋಲ್
ಎಲ್ಲ 22 ಕಂಪ್ಯೂಟರಿಗೂ ಗಿಗಾಬಿಟ್ ಬೇಕಾ ಅಂತ ಮೊದಲು ಕೇಳಿ. ಬ್ರೌಸರ್, ಮೇಲ್, ವಿಡಿಯೊ ಕಾಲ್ ಮಾಡೋರಿಗೆ ಫೋನಿನ ಹಿಂದಿನ 100 ಎಂಬಿಪಿಎಸ್ ಸಾಕು. ದೊಡ್ಡ ಡ್ರಾಯಿಂಗ್, ವಿಡಿಯೊ, ಬ್ಯಾಕಪ್ ಎಳೆಯೋರಿಗೆ ಮಾತ್ರ ಎರಡನೇ ಔಟ್‌ಲೆಟ್ ಕೊಡಿ. 10 ಜನ ಅಂದ್ರೆ 22 + 10 + 3 + 4 = 39, ಇನ್ನೂ 9 ಪೋರ್ಟ್ ಕೈಲಿರುತ್ತೆ.

ಮಹಡಿ_ಎರಡು
10ಕ್ಕಿಂತ ಕಡಿಮೆಯೇ, 8 ಜನ. ಇದು ಸರಿ ಹೋಗುತ್ತೆ. ಫೈಬರ್ ಕಥೆ ಏನು? ಹೊಸ ಸ್ವಿಚ್‌ನಲ್ಲಿ 10 ಗಿಗಾಬಿಟ್ ಸ್ಲಾಟ್ ಇರುತ್ತಲ್ಲ, ಹಾಕಬಹುದಾ?

ಬೆಳಕಿನ_ದಾರಿ
ಕಿತ್ತಳೆ ಬಣ್ಣ ಅಂದ್ರಿ. ಹೊದಿಕೆಯ ಮೇಲಿನ ಅಕ್ಷರ ಓದಿ. 62.5/125 ಅಂತಿದ್ರೆ ಒಎಂ1 (ಹಳೇ ದರ್ಜೆಯ ಮಲ್ಟಿಮೋಡ್ ಫೈಬರ್). ಗಿಗಾಬಿಟ್ ಎಸ್‌ಎಕ್ಸ್ ಮಾಡ್ಯೂಲ್ (ಫೈಬರ್‌ಗೆ ಬೆಳಕು ಕಳಿಸೋ ಭಾಗ) ಅದರಲ್ಲಿ 200 ಮೀಟರ್ ದಾಟಿಯೂ ನಡೆಯುತ್ತೆ, ನಿಮ್ಮ 60 ಮೀಟರ್ ಆರಾಮ. 10 ಗಿಗಾಬಿಟ್ ಎಸ್‌ಆರ್ ಮಾತ್ರ ಒಎಂ1 ಮೇಲೆ 33 ಮೀಟರಿಗೇ ನಿಲ್ಲುತ್ತೆ. ಅದೇ ಮಾಡ್ಯೂಲ್ ಒಎಂ3ನಲ್ಲಿ 300 ಮೀಟರ್ ಹೋಗುತ್ತೆ. 60 ಮೀಟರಿನ ಒಎಂ1ಗೆ ಎಸ್‌ಆರ್ ಹಾಕಿದ್ರೆ ಲಿಂಕ್ ಹತ್ತೀತು, ಅದೇ ಅಪಾಯ. ಹತ್ತಿದ ಮೇಲೆ ಎರರ್ ಸುರಿಯುತ್ತೆ, ನೀವು ಸ್ವಿಚ್ ಬೈತಾ ಕೂರ್ತೀರಿ.

ದಾರಿ ಮೂರು. ಎಲ್‌ಆರ್‌ಎಂ ಮಾಡ್ಯೂಲ್ (ಇದೂ 10 ಗಿಗಾಬಿಟ್), ಒಎಂ1 ಮೇಲೆ 220 ಮೀಟರ್, ಎರಡೂ ತುದಿಗೆ ಮೋಡ್ ಕಂಡೀಷನಿಂಗ್ ಪ್ಯಾಚ್ ಕಾರ್ಡ್ ಜೊತೆ. ಅಥವಾ ಖಾಲಿ ಎಳೆ ಇದ್ರೆ ಎರಡು ಗಿಗಾಬಿಟ್ ಲಿಂಕ್ ಸೇರಿಸಿ ಎಲ್‌ಎಸಿಪಿ. ಅಥವಾ ಹಳದಿ ಸಿಂಗಲ್ ಮೋಡ್ ಎಳೆದು ಎಲ್‌ಆರ್ ಹಾಕೋದು. ಅದು 10 ಕಿಲೋಮೀಟರಿನದ್ದು, ಆದ್ರೂ 60 ಮೀಟರಿಗೆ ಅಟೆನ್ಯುಯೇಟರ್ (ಬೆಳಕು ತಗ್ಗಿಸೋ ಭಾಗ) ಬೇಕಿಲ್ಲ. ಹೊಸದಾಗಿ ಎಳೆಯೋದಾದ್ರೆ ನನ್ನ ಮಟ್ಟಿಗೆ ಸಿಂಗಲ್ ಮೋಡ್ ಒಂದೇ ಉತ್ತರ, ಮುಂದೆ ಎಷ್ಟು ವೇಗ ಬಂದ್ರೂ ಗಾಜು ಬದಲಾಯಿಸಬೇಕಿಲ್ಲ. ಕನಿಷ್ಠ 6 ಎಳೆ ಇರಲಿ.

ಮತ್ತೆ, ರ್ಯಾಕ್‌ನಲ್ಲಿ ಸಿಕ್ಕ ಯಾವುದೋ 50 ಮೈಕ್ರಾನ್ ಪ್ಯಾಚ್ ಕಾರ್ಡ್ ತಂದು 62.5ರ ಕೇಬಲ್‌ಗೆ ಸೇರಿಸಬೇಡಿ. ದೊಡ್ಡ ಕೊಳವೆಯಿಂದ ಸಣ್ಣ ಕೊಳವೆಗೆ ನೀರು ಬಿಟ್ಟ ಹಾಗೆ, ಅರ್ಧ ಬೆಳಕು ಅಂಚಿನಲ್ಲೇ ಚೆಲ್ಲಿ ಹೋಗುತ್ತೆ.

ಗ್ರಾಫ್_ನೋಡಿ
ಎಲ್‌ಎಸಿಪಿ ಬಗ್ಗೆ ಒಂದು ಮಾತು: ಎರಡು ಲಿಂಕ್ ಸೇರಿಸಿದ್ರೆ ಒಂದು ಕಾಪಿ 2 ಗಿಗಾಬಿಟ್‌ನಲ್ಲಿ ಓಡಲ್ಲ. ಒಂದು ಸಂಪರ್ಕ ಒಂದೇ ಲಿಂಕ್ ಹಿಡಿಯುತ್ತೆ. ಹಲವರು ಒಟ್ಟಿಗೆ ಬಳಸಿದಾಗ ಹಂಚಿಕೆಯಾಗುತ್ತೆ ಅಷ್ಟೇ. ದೊಡ್ಡ ಫೈಲ್ ಎಳೆಯೋರು 8 ಜನ ಮಾತ್ರ ಇರೋ ಮಹಡಿಗೆ ಸದ್ಯ ಇರೋ 1 ಗಿಗಾಬಿಟ್ಟೇ ಸಾಕಾಗಬಹುದು, ಹೊಸ ಸ್ವಿಚ್ ಬಂದ ಮೇಲೆ ಒಂದು ತಿಂಗಳು ಡ್ರಾಪ್ ನೋಡಿ ತೀರ್ಮಾನಿಸಿ.

ಗೇಟ್‌ವೇ_ಕಾವಲು
ವಿಡಿಯೊ ಕಾಲ್ ವಿಷಯ ಎಲ್ಲರೂ ಮರೆತ್ರು. 11 ಗಂಟೆಗೆ ಎರಡು ಪಿಂಗ್ ಒಟ್ಟಿಗೆ ಓಡಿಸಿ, ಒಂದು ಫೈರ್‌ವಾಲ್‌ಗೆ, ಇನ್ನೊಂದು ಹೊರಗಿನ ಸರ್ವರ್‌ಗೆ. ಒಳಗಿನದು 1 ಮಿಲಿಸೆಕೆಂಡಿನಲ್ಲೇ ನಿಂತು, ಹೊರಗಿನದು 20ರಿಂದ 300ಕ್ಕೆ ಹಾರಿದ್ರೆ ಸಾಲು ಕಟ್ಟಿರೋದು ಇಂಟರ್ನೆಟ್ ಲಿಂಕಿನ ಬಾಗಿಲಲ್ಲಿ. ಸಾಮಾನ್ಯವಾಗಿ ಯಾರದೋ ಅಪ್‌ಲೋಡ್ ಅಥವಾ ಕ್ಲೌಡ್ ಬ್ಯಾಕಪ್. ಅಪ್‌ಲೋಡ್ ವೇಗವನ್ನು ಲಿಂಕಿನ 90ರಿಂದ 95 ಪರ್ಸೆಂಟಿಗೆ ಶೇಪ್ ಮಾಡಿ (ಮಿತಿ ಹಾಕಿ), ಎಫ್‌ಕ್ಯೂ ಕೋಡೆಲ್ ಥರದ (ಎಲ್ಲರಿಗೂ ಸರದಿ ಹಂಚೋ) ಕ್ಯೂ ಹಾಕಿದ್ರೆ ತಕ್ಷಣ ಸುಧಾರಿಸುತ್ತೆ. ಒಳಗಿನ ಪಿಂಗೇ ಏರುಪೇರಾದ್ರೆ ಫೈರ್‌ವಾಲ್ ಸಿಪಿಯು ಸುಸ್ತಾಗಿದೆ. ನಿಮ್ಮದು 95 ಅಂದ್ರಿ, ಬಹುಶಃ ಇದೇ. ಹಾಗಿದ್ರೆ 1 ಜಿಬಿಪಿಎಸ್ ಲಿಂಕ್ ತಗೊಂಡ್ರೂ ಹಳೇ ಫೈರ್‌ವಾಲ್ ದಾಟಿ ಒಳಗೆ ಬರೋದು ಈಗಿನಷ್ಟೇ. ಲಿಂಕ್ ಬರೋ ದಿನಕ್ಕೆ ಮುಂಚೆ ಫೈರ್‌ವಾಲ್ ಬದಲಾಗಿರಲಿ.

ಸಿಗ್ನಲ್_ಜೋರು
ವೈಫೈ ಕೂಡ ಬದಲಾಯಿಸ್ಬಿಡಿ, ವೈಫೈ 7 ಬಂದಿದೆ.

ಚಾನೆಲ್_36
ಬಂದಿದೆ ಅಂತ ಹಾಕೋದಲ್ಲ. ಅವರ ದೂರಿನಲ್ಲಿ ವೈಫೈ ಹೆಸರೇ ಇಲ್ಲ. ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟು ವೈಫೈ 6 ಅಥವಾ ಅದಕ್ಕಿಂತ ಹೊಸದು ಅಂತ ಎಣಿಸಿ. ಎಲ್ಲ ಹಳೆಯದಾದ್ರೆ ಹೊಸ ಎಪಿಯಿಂದ ಲಾಭ ಕಡಿಮೆ. ಅದಕ್ಕೆ ಮುಂಚೆ ದುಡ್ಡಿಲ್ಲದ ಕೆಲಸ ಮಾಡಿ: 5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಅಗಲ 80ರಿಂದ 40ಕ್ಕೆ ಇಳಿಸಿ, ಆಗ ಅಕ್ಕಪಕ್ಕದ ಎಪಿಗಳು ಒಂದರ ಮೇಲೊಂದು ಬೀಳಲ್ಲ. 2.4ರಲ್ಲಿ 1, 6, 11 ಬಿಟ್ಟು ಬೇರೆ ಚಾನೆಲ್ ಬೇಡ. 1, 2, 5.5 ಎಂಬಿಪಿಎಸ್ ದರಗಳನ್ನು ಮುಚ್ಚಿ. ಟ್ರಾನ್ಸ್‌ಮಿಟ್ ಪವರ್ ಪೂರ್ತಿ ಏರಿಸಬೇಡಿ, ಎಪಿ ಕೂಗೋದು ಫೋನಿಗೆ ಕೇಳಿಸಿದ್ರೂ ಫೋನಿನ ಉತ್ತರ ಎಪಿಗೆ ಮುಟ್ಟಬೇಕಲ್ಲ.

ಎಪಿ ಬದಲಿಸೋಕೆ ಗಟ್ಟಿ ಕಾರಣ ಎರಡೇ: ಫರ್ಮ್‌ವೇರ್ ಅಪ್‌ಡೇಟ್ ನಿಂತಿರೋದು, ಡಬ್ಲ್ಯುಪಿಎ3 (ವೈಫೈನ ಹೊಸ ಭದ್ರತಾ ವಿಧಾನ) ಇಲ್ಲದಿರೋದು. 6 ಗಿಗಾಹರ್ಟ್ಸ್ ಬೇಕಂದ್ರೆ ಡಬ್ಲ್ಯುಪಿಎ3 ಕಡ್ಡಾಯ, ಆ ಪಟ್ಟಿ ಎಷ್ಟು ತೆರೆದಿದೆ ಅನ್ನೋದು ದೇಶದಿಂದ ದೇಶಕ್ಕೆ ಬೇರೆ.

ಸಿಗ್ನಲ್_ಜೋರು
ಹೊಸ ಎಪಿಗೆ 2.5 ಗಿಗಾಬಿಟ್ ಪೋರ್ಟ್ ಬೇಕಲ್ವಾ? ಸ್ವಿಚ್ ಈಗಲೇ ತಗೊಳ್ಳೋದಾದ್ರೆ ಅದನ್ನು ಯೋಚಿಸಬೇಕು.

ಚಾನೆಲ್_36
ಈ ಮಾತು ಒಪ್ತೀನಿ. 2x2 (ಎರಡು ಆ್ಯಂಟೆನಾದ) ವೈಫೈ 6, 80 ಮೆಗಾಹರ್ಟ್ಸ್ ಅಂದ್ರೆ ಕಾಗದದ ಮೇಲೆ 1201 ಎಂಬಿಪಿಎಸ್. ಗಾಳಿಯಲ್ಲಿ ನಿಜವಾಗಿ ಸಿಗೋದು ಅದಕ್ಕಿಂತ ಬಹಳ ಕಡಿಮೆ, ಗಿಗಾಬಿಟ್ ಅಪ್‌ಲಿಂಕ್ ಸಾಕು. ಆದರೆ ವೈಫೈ 7ರ ಅಗಲದ ಚಾನೆಲ್ ಯೋಚನೆ ಇದ್ರೆ 48ರಲ್ಲಿ 8 ಪೋರ್ಟಾದ್ರೂ 2.5 ಇರೋ ಮಾಡೆಲ್ ನೋಡಿ.

ಫ್ಯಾನ್_ಸದ್ದು
ಮೊದಲ ಮಹಡಿಯ ಸ್ವಿಚ್ ಉಳಿಸ್ಕೊಳ್ಳೋದಾದ್ರೆ ಅದರ ಆರೋಗ್ಯ ನೋಡಿ. ಪವರ್ ಸಪ್ಲೈಯ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಒಳಗಿನ ದ್ರವ ನಿಧಾನವಾಗಿ ಆರುತ್ತೆ. ಉಷ್ಣತೆ 10 ಡಿಗ್ರಿ ಏರಿದ್ರೆ ಆಯುಷ್ಯ ಅರ್ಧಕ್ಕೆ ಇಳಿಯುತ್ತೆ ಅನ್ನೋದು ಈ ಭಾಗಕ್ಕೆ ಬಳಸೋ ಲೆಕ್ಕ. ಫ್ಯಾನ್ ನಿಂತ ಸ್ವಿಚ್ ಬೇಗ ಸಾಯೋದು ಅದಕ್ಕೇ. ಕಮಾಂಡ್ ಲೈನಿನಲ್ಲಿ ಉಷ್ಣತೆ, ಫ್ಯಾನ್ ವೇಗ ಓದಿ. ಹಿಂದಿನ ಜಾಲರಿಯ ಧೂಳು ತೆಗೆಯಿರಿ.

ಮುಖ್ಯವಾಗಿ, 11 ವರ್ಷ ಆಫ್ ಆಗದೆ ಓಡಿದ ಯಂತ್ರವನ್ನು ಸುಮ್ಮನೆ ರೀಸ್ಟಾರ್ಟ್ ಮಾಡಬೇಡಿ. ಬಿಸಿಯಾಗಿದ್ದಾಗ ಹೇಗೋ ನಡೀತಿದ್ದ ದುರ್ಬಲ ಕೆಪಾಸಿಟರ್ ತಣ್ಣಗಾದ ಮೇಲೆ ಮತ್ತೆ ಏಳದೇ ಇರಬಹುದು. ಕೈಯಲ್ಲಿ ಬದಲಿ ಇಟ್ಕೊಂಡೇ ಆಫ್ ಮಾಡಿ. ಅದಕ್ಕೂ ಮುಂಚೆ ಓಡ್ತಿರೋ ಕಾನ್ಫಿಗರೇಷನ್ ಸೇವ್ ಆಗಿದೆಯಾ ನೋಡಿ. ವರ್ಷಗಳ ಹಿಂದೆ ಸೇರಿಸಿದ ವಿಲ್ಯಾನ್ ಮೆಮೊರಿಯಲ್ಲಿ ಮಾತ್ರ ಇದ್ದು, ಆಫ್ ಮಾಡಿದ ಕ್ಷಣ ಮಾಯ ಆಗುತ್ತೆ.

ಪೋರ್ಟ್48
ಅಷ್ಟೆಲ್ಲ ಹೆದರಿಕೆ ಇಟ್ಕೊಂಡು ಅದನ್ನೇ ಯಾಕೆ ಉಳಿಸ್ಕೋಬೇಕು? ಕೋರ್ ಸ್ವಿಚ್ ಅದು, ಸತ್ತರೆ ಸರ್ವರ್, ಫೈರ್‌ವಾಲ್ ಎರಡೂ ಮಾಯ. ಇದೇ ನನ್ನ ವಾದ.

ಹಳೇ_ಕನ್ಸೋಲ್
ಈ ವಾದದಲ್ಲಿ ತೂಕ ಇದೆ. ಉತ್ತರ ಹೀಗೆ ಮಾಡಬಹುದು: ಹೊಸ 48ರ ಸ್ವಿಚ್‌ನಂಥದ್ದೇ ಇನ್ನೊಂದನ್ನು ಒಂದು ವರ್ಷದೊಳಗೆ ಮೊದಲ ಮಹಡಿಗೆ ತನ್ನಿ, ಹಳೆಯ ಗಿಗಾಬಿಟ್ ಸ್ವಿಚ್ ಕಾನ್ಫಿಗರ್ ಆಗಿ ಶೆಲ್ಫ್ ಮೇಲೆ ಬದಲಿಯಾಗಿ ಕೂರಲಿ. ಅಲ್ಲಿವರೆಗೆ ಅಷ್ಟು ದಿನ ಹಳೆಯದು ಕೋರ್ ಆಗಿರಲಿ. ಒಂದೇ ದಿನ ಫೈರ್‌ವಾಲ್, ಎರಡು ಸ್ವಿಚ್, ಫೋನ್ ಎಲ್ಲ ಬದಲಿಸಿದ್ರೆ ಮರುದಿನ ಕೆಟ್ಟದ್ದು ಯಾವುದರಿಂದ ಅಂತ ಹುಡುಕೋಕೇ ಆಗಲ್ಲ.

ಸೆಕೆಂಡ್‌ಹ್ಯಾಂಡ್
ಬಳಸಿದ ಸ್ವಿಚ್ ತಗೊಳ್ಳೋದು ಹೇಗೆ? ದುಡ್ಡು ಬಹಳ ಉಳಿಯುತ್ತೆ.

ಹಳೇ_ಕನ್ಸೋಲ್
ಬದಲಿ ಅಂತ ಇಡೋಕೆ ಒಳ್ಳೇದು. ನೆಟ್‌ವರ್ಕ್‌ಗೆ ಸೇರಿಸೋಕೆ ಮುಂಚೆ ಕಾನ್ಫಿಗರೇಷನ್ ಮತ್ತು ವಿಲ್ಯಾನ್ ಫೈಲ್ ಎರಡನ್ನೂ ಅಳಿಸಿ. ಸಿಸ್ಕೋ ಸ್ವಿಚ್‌ಗಳಲ್ಲಿ ವಿಟಿಪಿ ಅಂತ ಒಂದಿದೆ, ಸ್ವಿಚ್‌ಗಳು ವಿಲ್ಯಾನ್ ಪಟ್ಟಿ ಹಂಚಿಕೊಳ್ಳೋ ವ್ಯವಸ್ಥೆ. ಡೊಮೇನ್ ಹೆಸರು, ಪಾಸ್‌ವರ್ಡ್ ಒಂದೇ ಆಗಿದ್ದು, ಹೊಸದಾಗಿ ಸೇರಿಸಿದ ಸ್ವಿಚ್‌ನ ರಿವಿಷನ್ ಸಂಖ್ಯೆ ದೊಡ್ಡದಾಗಿದ್ರೆ, ಆವೃತ್ತಿ 1 ಮತ್ತು 2ರಲ್ಲಿ ಅದು ತನ್ನ ವಿಲ್ಯಾನ್ ಪಟ್ಟಿಯನ್ನು ಇಡೀ ಆಫೀಸಿಗೆ ಹರಡುತ್ತೆ. ನಿಮ್ಮ ವಿಲ್ಯಾನ್‌ಗಳೆಲ್ಲ ಅಳಿಸಿ ಹೋಗ್ತವೆ. ಟ್ರಾನ್ಸ್‌ಪರೆಂಟ್ ಮೋಡ್‌ಗೆ (ತನ್ನ ಪಟ್ಟಿ ಹರಡದ ಸ್ಥಿತಿ) ಹಾಕಿ ಆಮೇಲೆ ಸೇರಿಸಿ. ಫೈರ್‌ವಾಲ್ ಮಾತ್ರ ಬಳಸಿದ್ದು ಬೇಡ, ಲೈಸೆನ್ಸ್ ಹಿಂದಿನವರ ಹೆಸರಲ್ಲೇ ಉಳಿದಿರುತ್ತೆ.

ಗೇಟ್‌ವೇ_ಕಾವಲು
ಹೊಸದರಲ್ಲೂ ಲೈಸೆನ್ಸ್ ಷರತ್ತು ಓದಿ. ಕೆಲವು ಕ್ಲೌಡ್ ನಿರ್ವಹಣೆಯ ಪೆಟ್ಟಿಗೆಗಳು ಲೈಸೆನ್ಸ್ ಮುಗಿದ್ರೆ ಟ್ರಾಫಿಕ್ಕನ್ನೇ ನಿಲ್ಲಿಸ್ತವೆ. 5 ವರ್ಷದ ಒಟ್ಟು ಲೆಕ್ಕ ಹಾಕಿ, ಪೆಟ್ಟಿಗೆಯ ಬೆಲೆ ಒಂದನ್ನೇ ಹೋಲಿಸಬೇಡಿ.

ವ್ಯಾಟ್_ಲೆಕ್ಕ
ಕರೆಂಟ್ ಉಳಿತಾಯಕ್ಕೆ ಬದಲಾಯಿಸಿ ಅಂತ ಮಾರುವವರು ಹೇಳ್ತಾರೆ, ಲೆಕ್ಕ ಮಾಡಿ. ವರ್ಷಕ್ಕೆ 8760 ಗಂಟೆ. 40 ವ್ಯಾಟ್ ಉಳಿದ್ರೆ ಸುಮಾರು 350 ಯೂನಿಟ್. ಸ್ವಿಚ್ ಬೆಲೆಯ ಪಕ್ಕ ಇಟ್ಟು ನೋಡಿ, ಅದೊಂದೇ ಕಾರಣಕ್ಕೆ ಬದಲಾಯಿಸೋಕಾಗಲ್ಲ. ಅದಕ್ಕಿಂತ ಯುಪಿಎಸ್ ಬ್ಯಾಟರಿ ತಾರೀಕು ನೋಡಿ. ಲೆಡ್ ಆ್ಯಸಿಡ್ ಆದ್ರೆ 3ರಿಂದ 5 ವರ್ಷ, ಅಷ್ಟೇ. ಪಿಒಇ ಲೋಡ್ ಒಟ್ಟು 300 ವ್ಯಾಟ್‌ವರೆಗೆ ಹೋಗಬಹುದು ಅನ್ನೋದೂ ನೆನಪಿರಲಿ.

ಡ್ಯುಪ್ಲೆಕ್ಸ್
ಬದಲಾಯಿಸೋ ದಿನದ ಬಗ್ಗೆ ಯಾರೂ ಹೇಳಿಲ್ಲ, ಎಡವೋದೆಲ್ಲ ಅಲ್ಲೇ.

ವಾರ ಮುಂಚೆ: ಕೆಲಸದ ಹೊತ್ತಿನಲ್ಲಿ ಹಳೇ ಸ್ವಿಚ್‌ನ ಮ್ಯಾಕ್ (ಸಾಧನದ ಹಾರ್ಡ್‌ವೇರ್ ವಿಳಾಸ) ಪಟ್ಟಿ, ಎಲ್‌ಎಲ್‌ಡಿಪಿ (ಪಕ್ಕದ ಸಾಧನಕ್ಕೆ ತನ್ನ ಪರಿಚಯ ಹೇಳೋ ಭಾಷೆ) ನೆರೆಯವರ ಪಟ್ಟಿ, ಫೈರ್‌ವಾಲ್‌ನ ಎಆರ್‌ಪಿ (ಯಾವ ಐಪಿಗೆ ಯಾವ ಮ್ಯಾಕ್) ಪಟ್ಟಿ ತೆಗೆದಿಡಿ. ಕೈಯಾರೆ ಐಪಿ ಹಾಕಿದ ಪ್ರಿಂಟರ್, ಹಾಜರಿ ಯಂತ್ರ ಎಲ್ಲ ಅಲ್ಲಿ ಸಿಗ್ತವೆ. ಎರಡೂ ತುದಿಗೆ ಲೇಬಲ್ ಅಂಟಿಸಿ, ಫೋಟೊ ತೆಗೆಯಿರಿ. ಹೊಸ ಸ್ವಿಚ್‌ಗೆ ಫರ್ಮ್‌ವೇರ್ ಏರಿಸಿ ಮೇಜಿನ ಮೇಲೆ ಎರಡು ದಿನ ಓಡಿಸಿ.

ಡಿಎಚ್‌ಸಿಪಿ (ಐಪಿ ತಾನಾಗಿ ಹಂಚೋ ಸೇವೆ) ಫೈರ್‌ವಾಲ್‌ನಲ್ಲಿದ್ರೆ ಹೊಸ ಫೈರ್‌ವಾಲ್‌ಗೆ ಹಳೇ ಲೀಸ್ (ಯಾರಿಗೆ ಯಾವ ಐಪಿ, ಎಷ್ಟು ಕಾಲ) ಗೊತ್ತಿರಲ್ಲ, ಒಂದೇ ಐಪಿ ಇಬ್ಬರಿಗೆ ಕೊಡಬಹುದು. ಲೀಸ್ ಅವಧಿ 1 ಗಂಟೆಗೆ ಇಳಿಸಿ, ಅದೂ ಮೊದಲೇ. ಕ್ಲೈಂಟ್ ಹೊಸ ಅವಧಿ ತಿಳ್ಕೊಳ್ಳೋದು ಹಳೇ ಲೀಸಿನ ಅರ್ಧ ಕಳೆದ ಮೇಲೆ. ಲೀಸ್ 8 ದಿನ ಇದ್ರೆ ಹಿಂದಿನ ರಾತ್ರಿ ಇಳಿಸಿ ಪ್ರಯೋಜನ ಇಲ್ಲ.

ಫೈರ್‌ವಾಲ್ ಬದಲಿಸಿದ ಮೇಲೆ ಇಂಟರ್ನೆಟ್ ಬರದಿದ್ರೆ ಮೋಡೆಮ್ ಆಫ್ ಮಾಡಿ ಆನ್ ಮಾಡಿ. ಕೆಲವು ಹಳೇ ಮ್ಯಾಕ್ ಹಿಡಿದು ಕೂತಿರ್ತವೆ.

ತಂತಿ_ಜೋಡಿ
ಫೋನಿಗೆ ವಾಯ್ಸ್ ವಿಲ್ಯಾನ್ ಹೇಗೆ ಗೊತ್ತಾಗ್ತಿದೆ ನೋಡಿ. ಹಳೇ ಸ್ವಿಚ್ ಸಿಡಿಪಿಯಲ್ಲಿ (ಸಿಸ್ಕೋದ ಸ್ವಂತ ಭಾಷೆ) ಹೇಳ್ತಿದ್ರೆ, ಬೇರೆ ಬ್ರ್ಯಾಂಡಿನ ಹೊಸ ಸ್ವಿಚ್‌ಗೆ ಆ ಭಾಷೆ ಬರದೇ ಇರಬಹುದು. ಫೋನ್‌ಗಳೆಲ್ಲ ಡೇಟಾ ವಿಲ್ಯಾನ್‌ಗೆ ಬಂದು ರಿಜಿಸ್ಟರ್ ಆಗದೆ ಕೂರ್ತವೆ. ಎಲ್‌ಎಲ್‌ಡಿಪಿ ಮೆಡ್ (ಅದೇ ಕೆಲಸದ ಸಾರ್ವತ್ರಿಕ ಭಾಷೆ) ಆನ್ ಮಾಡಿ, ಒಂದು ಫೋನಿನಲ್ಲಿ ಮುಂಚೆಯೇ ಪರೀಕ್ಷಿಸಿ.

ಗ್ರಾಫ್_ನೋಡಿ
ಸ್ಪ್ಯಾನಿಂಗ್ ಟ್ರೀ (ಸ್ವಿಚ್‌ಗಳ ನಡುವೆ ಫ್ರೇಮ್ ಸುತ್ತೋದನ್ನು ತಡೆಯೋ ವ್ಯವಸ್ಥೆ) ರೂಟ್, ಅಂದ್ರೆ ಅದರ ಮುಖ್ಯ ಸ್ವಿಚ್ ಯಾವುದು ಅಂತಲೂ ನೋಡಿ. ಎಲ್ಲದರ ಪ್ರಯಾರಿಟಿ 32768 ಹಾಗೇ ಇದ್ರೆ ಚಿಕ್ಕ ಮ್ಯಾಕ್ ಗೆಲ್ಲುತ್ತೆ, ಒಂದೇ ತಯಾರಕರದ್ದಾದ್ರೆ ಸಾಮಾನ್ಯವಾಗಿ ಹಳೆಯದರ ಮ್ಯಾಕ್ ಚಿಕ್ಕದು. ಮೂಲೆಯಲ್ಲಿರೋ 100ರ ಸ್ವಿಚ್ಚೇ ರೂಟ್ ಆಗಿರೋ ಸಾಧ್ಯತೆ ಇದೆ. ಕೋರ್‌ಗೆ 4096 ಹಾಕಿ.

ಮಹಡಿ_ಎರಡು
ನೋಡಿದೆ, ನಿಜವಾಗಿಯೂ ಮೇಲಿನ 100ರ ಸ್ವಿಚ್ಚೇ ರೂಟ್. ಕೆಳಗಿನದಕ್ಕೆ 4096 ಹಾಕಿದೆ.

ತೀರ್ಮಾನ ಹೀಗಿದೆ. ಹೊಸ ಲಿಂಕ್ ಬರೋ ಮುಂಚೆ ಫೈರ್‌ವಾಲ್. ಎರಡು ವಾರ ಬಿಟ್ಟು ಎರಡನೇ ಮಹಡಿಗೆ 48 ಪೋರ್ಟಿನ 370 ವ್ಯಾಟ್ ಗಿಗಾಬಿಟ್ ಪಿಒಇ, 8 ಪೋರ್ಟ್ 2.5 ಇರೋದು. ಕೇಬಲ್, ಫೋನ್, ಫೈಬರ್, ಎಪಿ ಹಾಗೇ. ಕೆಳಗಿನ ಸ್ವಿಚ್ ಮುಂದಿನ ವರ್ಷ. ಪ್ರಿಂಟರ್ ಆಟೊಗೆ ಹಾಕಿದ ಮೇಲೆ 31ರಲ್ಲಿ ಕೊಲಿಷನ್ ನಿಂತಿದೆ. 17ರ ಗೋಡೆಯ ಜ್ಯಾಕ್ ಬಿಚ್ಚಿದೆ, ಕಂದು ಜೋಡಿಯನ್ನು 4 ಸೆಂಟಿಮೀಟರ್ ಬಿಚ್ಚಿಟ್ಟಿದ್ರು, ಬಿಳಿ-ಕಂದು ತಂತಿ ಬ್ಲೇಡಿನೊಳಗೆ ಕೂತೇ ಇರಲಿಲ್ಲ. ಕತ್ತರಿಸಿ ಮತ್ತೆ ಪಂಚ್ ಮಾಡಿದೆ. ಈಗ ಗಿಗಾಬಿಟ್, ಎರಡು ದಿನದಿಂದ ಸಿಆರ್‌ಸಿ ಸೊನ್ನೆ.

ಕ್ರಿಂಪರ್
22 ಮತ್ತು 40ರದ್ದೂ ಅದೇ ಕೈಯ ಕೆಲಸ ಇರುತ್ತೆ. ಅವನ್ನೂ ಬಿಚ್ಚಿ, ಕಂದು ಜೋಡಿಯಿಂದಲೇ ಶುರು ಮಾಡಿ.